ಗಡೀಪಾರಿನ ವರ್ಷಗಳಲ್ಲಿ ಸೆಮಿನೋಲ್ ಮಗುವಿನ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲಾರಿಡಾದ ಶಾಲೆಗಳಲ್ಲಿ ನಾಲ್ಕನೇ ತರಗತಿಯ ಮಕ್ಕಳು ತಮ್ಮ ರಾಜ್ಯದ ಇತಿಹಾಸ ಓದುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೂ ಸೆಮಿನೋಲ್ ಎಂಬ ಹೆಸರು ಆ ವರ್ಷ ಬಂದೇ ಬರುತ್ತದೆ. ಪಾಠದಲ್ಲಿ ಒಪ್ಪಂದಗಳ ಇಸವಿ, ಸೇನಾಪತಿಗಳ ಹೆಸರು ಸಿಗುತ್ತವೆ. ಮಕ್ಕಳಿಗೆ ಬೇಕಾದದ್ದು ಇನ್ನೊಂದು ಸಂಗತಿ: ಆಗ ಅವರ ಮಕ್ಕಳು ಎಲ್ಲಿದ್ದರು, ಏನು ತಿಂದರು, ಯಾರ ಜೊತೆ ಹೋದರು? ಸೆಮಿನೋಲರನ್ನು ಫ್ಲಾರಿಡಾದಿಂದ ಹೊರಹಾಕಲು ಅಮೆರಿಕ ನಡೆಸಿದ ಯುದ್ಧ ನನಗೆ ಅರ್ಥವಾದದ್ದೂ ಹೀಗೆ ಕೇಳಿಕೊಂಡಾಗಲೇ. ಯಾಕೆಂದರೆ ಅಮೆರಿಕದ ಸೈನ್ಯ ಕೊನೆಗೆ ಕೈಯಿಟ್ಟದ್ದು ಮಕ್ಕಳ ಊಟಕ್ಕೆ, ಮಕ್ಕಳ ಸೂರಿಗೆ.

ಸೆಮಿನೋಲರು ಯಾರು?

ಅಮೆರಿಕದ ಆಗ್ನೇಯ ಮೂಲೆಯ ಮೂಲನಿವಾಸಿಗಳು. ಇಂದಿನ ಜಾರ್ಜಿಯಾ, ಅಲಬಾಮಾ ಕಡೆಯ ಕ್ರೀಕ್ ಮತ್ತಿತರ ಸಮುದಾಯಗಳ ಗುಂಪುಗಳು ಹದಿನೆಂಟನೇ ಶತಮಾನದಲ್ಲಿ ಫ್ಲಾರಿಡಾಕ್ಕೆ ಬಂದು ನೆಲೆಸಿದವು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ತಮ್ಮ ಪೂರ್ವಜರು ಸಾವಿರಾರು ವರ್ಷಗಳಿಂದ ಅಲ್ಲಿಯೇ ಇದ್ದವರು ಎಂಬುದು ಫ್ಲಾರಿಡಾದ ಸೆಮಿನೋಲರ ಮಾತು. ಮೊದಲೇ ಇದ್ದವರೂ ಬಂದವರೂ ಬೆರೆತು ಆದ ಜನ ಇವರು, ಹಾಗಾಗಿ ಎರಡೂ ಮಾತಿಗೆ ಆಧಾರವಿದೆ. ಮಿಕಸೂಕಿ ಮತ್ತು ಮಸ್ಕೋಗಿ ಅವರ ಎರಡು ಭಾಷೆಗಳು. ಉತ್ತರ ಫ್ಲಾರಿಡಾದ ಅಲಾಚುವಾ ಬಯಲಿನಲ್ಲಿ ಅವರಿಗೆ ದೊಡ್ಡ ದೊಡ್ಡ ದನದ ಹಿಂಡುಗಳಿದ್ದವು. ಪಕ್ಕದ ರಾಜ್ಯಗಳ ತೋಟಗಳಿಂದ ತಪ್ಪಿಸಿಕೊಂಡು ಬಂದ ಕಪ್ಪು ಜನರಿಗೂ ಅವರ ನಡುವೆ ಆಶ್ರಯ ಸಿಕ್ಕಿತು.

ಅವರನ್ನು ಹೊರಹಾಕಿದ್ದು ಯಾಕೆ?

ನೆಲಕ್ಕಾಗಿ. ಓಡಿಬಂದ ಗುಲಾಮರನ್ನು ವಾಪಸು ಹಿಡಿಯುವುದಕ್ಕಾಗಿ ಕೂಡ.

1821ರಲ್ಲಿ ಫ್ಲಾರಿಡಾ ಸ್ಪೇನಿನಿಂದ ಅಮೆರಿಕದ ಕೈಸೇರಿತು. 1823ರ ಮೌಲ್ಟ್ರಿ ಕ್ರೀಕ್ ಒಪ್ಪಂದ ಸೆಮಿನೋಲರನ್ನು ಫಲವತ್ತಾದ ಉತ್ತರದಿಂದ ಎಬ್ಬಿಸಿ ಮಧ್ಯ ಫ್ಲಾರಿಡಾದ ಸುಮಾರು 40 ಲಕ್ಷ ಎಕರೆಗೆ ಕಟ್ಟಿಹಾಕಿತು. 1830ರಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್ ಸಹಿಯೊಂದಿಗೆ ಇಂಡಿಯನ್ನರ ಸ್ಥಳಾಂತರ ಕಾಯ್ದೆ ಬಂತು. ಎರಡೇ ವರ್ಷಕ್ಕೆ, 1832ರಲ್ಲಿ, ಪೇಯ್ನ್ಸ್ ಲ್ಯಾಂಡಿಂಗ್ ಒಪ್ಪಂದವಾಯಿತು. ಫ್ಲಾರಿಡಾದಲ್ಲಿ ಉಳಿದಿದ್ದ ಅಷ್ಟೂ ನೆಲ ಬಿಟ್ಟು ಮಿಸಿಸಿಪ್ಪಿ ನದಿಯ ಆಚೆಗೆ ಹೋಗಬೇಕು, ಅಲ್ಲಿ ಕ್ರೀಕರ ಜೊತೆ ಸೇರಬೇಕು, ಅದಕ್ಕೆ ಪ್ರತಿಯಾಗಿ 15,400 ಡಾಲರ್. ಇದರ ಜೊತೆಗೆ ಹೊಸ ಜಾಗ ತಲುಪಿದ ಮೇಲೆ ಗಂಡಸು, ಹೆಂಗಸು, ಮಗು ಎನ್ನದೆ ತಲೆಗೊಂದು ಕಂಬಳಿ ಮತ್ತು ಒರಟು ಬಟ್ಟೆಯ ಒಂದು ಅಂಗಿ ಕೊಡುವುದಾಗಿ ಒಪ್ಪಂದದಲ್ಲೇ ಬರೆದಿತ್ತು. ಮಗುವೊಂದಕ್ಕೆ ಅದರ ಊರಿನ ಬದಲು ಸಿಗಬೇಕಾದದ್ದು ಅಷ್ಟು. ಈ ಸಾಲು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಹೊಸ ಜಾಗ ನೋಡಿಕೊಂಡು ಬರಲು ಹೋದ ಏಳು ಮಂದಿ ಸೆಮಿನೋಲರಿಂದ 1833ರಲ್ಲಿ ಅಲ್ಲಿನ ಫೋರ್ಟ್ ಗಿಬ್ಸನ್ ಎಂಬ ಸೇನಾಕೋಟೆಯಲ್ಲಿ ಇನ್ನೊಂದು ಕಾಗದಕ್ಕೆ ಸಹಿ ಪಡೆದರು. ಇಡೀ ಜನರ ಪರವಾಗಿ ಒಪ್ಪಿಕೊಳ್ಳುವ ಅಧಿಕಾರ ಅವರಿಗೆ ಇರಲಿಲ್ಲ ಎಂದು ಸೆಮಿನೋಲರು ಆಗಲೇ ಹೇಳಿದರು. ಸರ್ಕಾರ ಕಿವಿಗೊಡಲಿಲ್ಲ. 1835ರ ಡಿಸೆಂಬರ್ 28ರಂದು ಅಮೆರಿಕದ ಮೇಜರ್ ಡೇಡ್‌ನ ನೂರಕ್ಕೂ ಹೆಚ್ಚು ಸೈನಿಕರ ತುಕಡಿ ಸೆಮಿನೋಲರ ದಾಳಿಗೆ ಸಿಕ್ಕಿ ದಾರಿಯಲ್ಲೇ ನಾಶವಾಯಿತು. ಎರಡನೇ ಸೆಮಿನೋಲ್ ಯುದ್ಧ ಹಾಗೆ ಭುಗಿಲೆದ್ದು 1842ರವರೆಗೆ ನಡೆಯಿತು.

ಯುದ್ಧಕ್ಕೆ ಮುಂಚೆ ಸೆಮಿನೋಲ್ ಮಗು ಹೇಗೆ ಬೆಳೆಯುತ್ತಿತ್ತು?

ಮಗು ತಾಯಿಯ ಕುಲಕ್ಕೆ ಸೇರಿದ್ದು. ಚಿರತೆ, ಕರಡಿ, ಗಾಳಿ, ಹಕ್ಕಿ, ನೀರುನಾಯಿ, ಹಾವು, ಹೀಗೆ ಕುಲಗಳು; ತಾಯಿ ಯಾವುದೋ ಮಗುವೂ ಅದೇ. ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಡನಾದವನು ಹೆಂಡತಿಯ ಕಡೆಯವರ ಬಿಡಾರಕ್ಕೆ ಬಂದು ಇರುತ್ತಿದ್ದ. ಮಗುವಿಗೆ ಬುದ್ಧಿ ಹೇಳುವ, ಬೇಟೆ ಕಲಿಸುವ, ತಪ್ಪು ಮಾಡಿದರೆ ಶಿಕ್ಷಿಸುವ ಹೊಣೆ ಸೋದರಮಾವನದು. ಅಜ್ಜಿ, ಅಮ್ಮ, ಚಿಕ್ಕಮ್ಮಂದಿರು ಒಂದೇ ಅಂಗಳದವರು; ಕತೆಗಳು ಬರುತ್ತಿದ್ದುದು ಅಜ್ಜಿಯಿಂದ.

ಊಟವೆಂದರೆ ಮುಖ್ಯವಾಗಿ ಸೋಫ್ಕಿ, ಅಂದರೆ ಮೆಕ್ಕೆಜೋಳದ ತೆಳು ಗಂಜಿ. ಒಲೆಯ ಮೇಲಿನ ಪಾತ್ರೆಯಲ್ಲಿ ಅದು ಸದಾ ಇರುತ್ತಿತ್ತು, ಹಸಿದವರು ಹಸಿದಾಗ ಕುಡಿಯುತ್ತಿದ್ದರು. ಜೊತೆಗೆ ಕುಂಬಳ, ಜಿಂಕೆ ಮಾಂಸ, ಮೀನು, ಆಮೆ. ವರ್ಷಕ್ಕೊಮ್ಮೆ ಹೊಸ ಜೋಳ ಹಾಲುಗಟ್ಟುವ ಹೊತ್ತಿಗೆ ಹಸಿರು ಜೋಳದ ಹಬ್ಬ. ಜಗಳಗಳು ತೀರ್ಮಾನವಾಗುತ್ತಿದ್ದುದು, ಸುಮಾರು ಹನ್ನೆರಡರ ಹುಡುಗನಿಗೆ ಹಿರಿಯರು ಹೊಸ ಹೆಸರಿಟ್ಟು ಅವನನ್ನು ಗಂಡಸರ ಸಾಲಿಗೆ ಸೇರಿಸುತ್ತಿದ್ದುದು ಅಲ್ಲಿಯೇ.

ಇಷ್ಟು ತಿಳಿದ ಮೇಲೆ ಮುಂದಿನದು ಬೇರೆಯೇ ತೂಕದಲ್ಲಿ ಕಾಣುತ್ತದೆ. ಸೋದರಮಾವ ಯುದ್ಧದಲ್ಲಿ ಸತ್ತರೆ ಆ ಮಗು ಗುರುವನ್ನು ಕಳೆದುಕೊಂಡಂತೆ. ಹೊಲ ಸುಟ್ಟರೆ ಹಬ್ಬವಿಲ್ಲ. ಹಬ್ಬವಿಲ್ಲದಿದ್ದರೆ ಹುಡುಗನಿಗೆ ದೊಡ್ಡವನಾದ ಹೆಸರಿಲ್ಲ.

ಯುದ್ಧ ಶುರುವಾದ ಮೇಲೆ ಮಕ್ಕಳ ದಿನಚರಿ ಏನಾಯಿತು?

ಮೊದಲು ಹೋದದ್ದು ಮನೆ. ಉತ್ತರದಲ್ಲಿ ಇದ್ದವು ಮರದ ದಿಮ್ಮಿಯ ಗಟ್ಟಿ ಮನೆಗಳು. ಬೆನ್ನಟ್ಟಿ ಬರುವ ಸೈನ್ಯದ ಮುಂದೆ ಅಂಥದ್ದನ್ನು ಕಟ್ಟುತ್ತ ಕೂರಲಾಗದು. ಹಾಗಾಗಿ ಚಿಕ್ಕೀ ಎಂಬ ಬಿಡಾರ ಎಲ್ಲರದ್ದೂ ಆಯಿತು: ಸೈಪ್ರೆಸ್ ಮರದ ಕಂಬಗಳು, ಮೇಲೆ ತಾಳೆಗರಿಯ ಚಾವಣಿ, ಗೋಡೆಯಿಲ್ಲ, ನೆಲದಿಂದ ಎತ್ತರಿಸಿದ ಅಟ್ಟ. ನೀರು ಏರಿದರೂ ಅಟ್ಟದ ಮೇಲೆ ಮಲಗಿದ ಮಗು ಒಣಗಿರುತ್ತಿತ್ತು. ಬಿಟ್ಟು ಓಡಬೇಕಾದರೆ ಮನಸ್ಸಿಗೆ ನೋವಾದರೂ ಕೈಗೆ ನಷ್ಟವಿಲ್ಲ. ಮುಂದಿನ ದಿಬ್ಬದಲ್ಲಿ ಬೇಗನೆ ಇನ್ನೊಂದು ಎದ್ದು ನಿಲ್ಲುತ್ತಿತ್ತು.

ಆ ದಿಬ್ಬಗಳೇ ಅವರನ್ನು ಕಾಪಾಡಿದ್ದು. ದಕ್ಷಿಣದ ಎವರ್‌ಗ್ಲೇಡ್ಸ್ ಎಂದರೆ ನಿಧಾನವಾಗಿ ಹರಿಯುವ ಅಗಾಧ ನೀರಿನ ಬಯಲು, ಅದರ ತುಂಬ ಅಂಚು ಗರಗಸದಂತಿರುವ ಹುಲ್ಲು, ನಡುನಡುವೆ ಮರ ದಟ್ಟೈಸಿದ ಸಣ್ಣ ದ್ವೀಪಗಳು. ಸೈಪ್ರೆಸ್ ಮರ ಕೊರೆದು ಮಾಡಿದ ದೋಣಿಯಲ್ಲಿ ಕುಟುಂಬಗಳು ಅಲ್ಲಿಗೆ ಸರಿದವು. ಮಗು ಕಲಿಯಬೇಕಾದ ಪಾಠಗಳೂ ಬದಲಾದವು. ಹೊಗೆ ಕಾಣದಂತೆ ಒಲೆ ಹಚ್ಚುವುದು ಹೇಗೆ, ಹೆಜ್ಜೆ ಗುರುತು ಬಿಡದೆ ಹೋಗುವುದು ಹೇಗೆ, ದೊಡ್ಡವರು ಕೈಯೆತ್ತಿದ ಕ್ಷಣವೇ ಆಟ ನಿಲ್ಲಿಸುವುದು ಹೇಗೆ.

ಊಟದ ಪಾಡು ಇನ್ನೂ ಕಷ್ಟ. ಜೋಳ ಇಲ್ಲದಾಗ ಕೂಂಟಿ ಎಂಬ ಗಿಡದ ಗೆಡ್ಡೆ ಅಗೆದು ತರುತ್ತಿದ್ದರು. ಅದು ಹಸಿಯಾಗಿ ವಿಷ. ಕುಟ್ಟಿ, ಮತ್ತೆ ಮತ್ತೆ ನೀರಿನಲ್ಲಿ ತೊಳೆದು, ಹಿಟ್ಟು ಕೆಳಗಿಳಿಯಲು ಬಿಟ್ಟು, ಒಣಗಿಸಿ ಆಮೇಲೆ ಅಡುಗೆ. ಒಂದು ತೊಳೆತ ತಪ್ಪಿದರೆ ಅಪಾಯ. ಬೆನ್ನ ಹಿಂದೆ ಸೈನಿಕರಿರುವಾಗ, ಮಡಿಲಲ್ಲಿ ಹಸಿದ ಮಗುವಿರುವಾಗ ಅಷ್ಟು ತಾಳ್ಮೆಯಿಂದ ವಿಷ ತೆಗೆದ ಹೆಂಗಸರೂ ಆ ಯುದ್ಧದಲ್ಲಿ ಹೋರಾಡಿದವರೇ.

ಮೊದಲ ವರ್ಷಗಳಲ್ಲಿ ಬೇಸಿಗೆ ಬಂದರೆ ಜ್ವರಕ್ಕೆ ಹೆದರಿ ಸೈನ್ಯ ಕೋಟೆ ಸೇರುತ್ತಿತ್ತು. ಆ ತಿಂಗಳುಗಳಲ್ಲಿ ಸೆಮಿನೋಲರು ಬಿತ್ತಿ ಬೆಳೆದುಕೊಳ್ಳುತ್ತಿದ್ದರು. 1841ರಲ್ಲಿ ಅಧಿಕಾರ ವಹಿಸಿಕೊಂಡ ಕರ್ನಲ್ ವಿಲಿಯಂ ವರ್ತ್ ಬೇಸಿಗೆಯಲ್ಲೂ ಪಡೆಗಳನ್ನು ಕಳಿಸಿದ. ಸಿಕ್ಕ ಬಿಡಾರ, ಸಿಕ್ಕ ಹೊಲವನ್ನೆಲ್ಲ ನಾಶಮಾಡಿಸಿದ. ವರ್ಷಗಟ್ಟಲೆ ಗುಂಡಿಗೆ ಬಗ್ಗದವರು ಮಕ್ಕಳ ಹಸಿವಿಗೆ ಬಗ್ಗಿ ಶರಣಾಗತೊಡಗಿದರು.

ಅಳುವ ಮಗುವಿನ ಬಾಯಿ ಮುಚ್ಚುತ್ತಿದ್ದರು ಎನ್ನುವುದು ನಿಜವೇ?

ಸೈನಿಕರು ಹತ್ತಿರದಲ್ಲೇ ಹಾದುಹೋಗುವಾಗ ಕೂಸಿನ ಅಳು ಕೇಳದಂತೆ ತಾಯಂದಿರು ಬಾಯಿ ಒತ್ತಿ ಹಿಡಿಯುತ್ತಿದ್ದರು, ಕೆಲವು ಕೂಸುಗಳು ಹಾಗೆಯೇ ಉಸಿರು ಬಿಟ್ಟವು ಎಂದು ಸೆಮಿನೋಲ್ ಹಿರಿಯರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಇದನ್ನು ಮಕ್ಕಳಿಗೆ ಹೇಳುವುದು ಹೇಗೆ ಎಂದು ಪಾಲಕರು ಕೇಳುತ್ತಾರೆ. ಚಿಕ್ಕವರಿಗೆ "ಅವರು ಸದ್ದಿಲ್ಲದೆ ಅಡಗಿ ಕೂರಬೇಕಿತ್ತು" ಎಂದರೆ ಸಾಕು. ಹೈಸ್ಕೂಲಿನವರಿಗೆ ಪೂರ್ತಿ ಹೇಳಿ.

ಸೆರೆ ಸಿಕ್ಕ ಮಕ್ಕಳ ಗತಿ ಏನು?

ಹೆಚ್ಚಿನವರನ್ನು ಟ್ಯಾಂಪಾ ಕೊಲ್ಲಿಯ ಫೋರ್ಟ್ ಬ್ರೂಕ್‌ನ ಶಿಬಿರಕ್ಕೆ ತಂದು ಹಡಗು ಬರುವವರೆಗೆ ಕೂಡಿಹಾಕುತ್ತಿದ್ದರು. 1837ರ ಜೂನ್‌ನಲ್ಲಿ ಸೆಮಿನೋಲರ ಹೆಸರಾಂತ ನಾಯಕ ಒಸಿಯೋಲ ಮತ್ತು ವೃದ್ಧ ವೈದ್ಯ ಅಬಿಯಾಕ ರಾತ್ರಿ ಬಂದು ಹತ್ತಿರದ ಶಿಬಿರದಿಂದ ಸುಮಾರು 700 ಮಂದಿಯನ್ನು ಕರೆದೊಯ್ದರು. ಸೇನಾಪತಿ ಥಾಮಸ್ ಜೆಸಪ್ ಅಲ್ಲಿಂದಾಚೆಗೆ ಮಾತುಕತೆಗೆ ಬಂದವರನ್ನೂ ಹಿಡಿಯತೊಡಗಿದ. ಅದೇ ಅಕ್ಟೋಬರ್‌ನಲ್ಲಿ ಬಿಳಿ ಬಾವುಟದಡಿ ಬಂದ ಒಸಿಯೋಲನೇ ಸೆರೆಯಾದ.

ಸೆರೆಯಾದ ಮಕ್ಕಳನ್ನು ತಂದೆಯರನ್ನು ಎಳೆಯುವ ಗಾಳದಂತೆ ಬಳಸಿದ್ದೂ ಉಂಟು. ಕೋವಕೂಚಿ ಎಂಬ ಯುವ ನಾಯಕ ಸೇಂಟ್ ಅಗಸ್ಟೀನ್‌ನ ಕಲ್ಲಿನ ಕೋಟೆಯಿಂದ 1837ರಲ್ಲಿ ತಪ್ಪಿಸಿಕೊಂಡವನು. 1841ರ ಮಾರ್ಚ್‌ನಲ್ಲಿ ಅವನು ವರ್ತ್ ಜೊತೆ ಮಾತಿಗೆ ಬಂದಾಗ ಅವನ ಚಿಕ್ಕ ಮಗಳು ಸೈನ್ಯದ ಕೈಯಲ್ಲಿದ್ದಳು. ಅಪ್ಪನನ್ನು ಕಂಡದ್ದೇ ಓಡಿಬಂದು, ಶಿಬಿರದಲ್ಲಿ ಯಾರಿಗೂ ಕಾಣದಂತೆ ಆಯ್ದು ಬಚ್ಚಿಟ್ಟುಕೊಂಡಿದ್ದ ಕೋವಿಯ ಗುಂಡುಗಳನ್ನೂ ಮದ್ದಿನಪುಡಿಯನ್ನೂ ಅವನ ಕೈಗೆ ಸುರಿದಳು. ಕೋವಕೂಚಿ ಎಲ್ಲರೆದುರೇ ಅತ್ತ. ಇದನ್ನು ಬರೆದಿಟ್ಟವನು ಆ ಯುದ್ಧದಲ್ಲಿದ್ದ ಅಮೆರಿಕದ ಸೇನಾಧಿಕಾರಿ ಜಾನ್ ಸ್ಪ್ರೇಗ್. ಮಗಳ ಹೆಸರಿಗಿಂತ ಅವಳು ಮಾಡಿದ ಕೆಲಸವೇ ಇತಿಹಾಸದಲ್ಲಿ ಉಳಿಯಿತು. ಸೆರೆಯಲ್ಲಿದ್ದೂ ಆ ಹುಡುಗಿ ತಾನು ಯಾರ ಕಡೆಯವಳು ಎಂಬುದನ್ನು ಮರೆತಿರಲಿಲ್ಲ.

ಎಲ್ಲರೂ ಹಡಗು ಹತ್ತಲಿಲ್ಲ ಕೂಡ. ನಿಕ್ಕನೋಚಿ ಎಂಬ ಬಾಲಕ 1836ರ ಹೊತ್ತಿಗೆ, ಐದಾರು ವರ್ಷದವನಿದ್ದಾಗ, ಸೈನಿಕರ ಕೈಗೆ ಸಿಕ್ಕ. ಆಂಡ್ರೂ ವೆಲ್ಚ್ ಎಂಬ ಇಂಗ್ಲಿಷ್ ವೈದ್ಯ ಅವನನ್ನು ಸಾಕಿಕೊಂಡು 1840ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದ. ಮರುವರ್ಷ ಲಂಡನ್ನಿನಲ್ಲಿ ಅವನ ಬಾಲ್ಯದ ಕಥನ ಪ್ರಕಟವಾಯಿತು, ಬರೆದದ್ದು ಆ ಪೋಷಕನೇ. ಹುಡುಗನನ್ನು ರಾಜಕುಮಾರ ಎಂದು, ಒಸಿಯೋಲನ ಸೋದರಳಿಯ ಎಂದು ಅಲ್ಲಿ ಪರಿಚಯಿಸಲಾಗಿದೆ. ವೆಲ್ಚ್‌ಗೆ ಅವನ ಮೇಲೆ ಪ್ರೀತಿ ಇದ್ದದ್ದು ಓದಿದರೆ ತಿಳಿಯುತ್ತದೆ. ಆದರೂ ತಾಯಿಯ ಕುಲದಲ್ಲಿ ಬೆಳೆಯಬೇಕಿದ್ದ ಮಗುವಿಗೆ ಅಟ್ಲಾಂಟಿಕ್‌ನ ಆಚೆ ಕುಲದವರು ಒಬ್ಬರೂ ಇರಲಿಲ್ಲ. ಆ ನಷ್ಟ ಪ್ರೀತಿಯಿಂದ ತುಂಬುವಂಥದ್ದಲ್ಲ.

ಜಾನ್ ಬೀಮೋನ ದಾರಿ ಬೇರೆ. ಬಾಲ್ಯದಲ್ಲೇ ತನ್ನವರಿಂದ ಬೇರೆಯಾಗಿ ಹಡಗು ಸೇರಿದ ಈ ಸೆಮಿನೋಲ್ ಹುಡುಗ ವರ್ಷಗಟ್ಟಲೆ ಸಮುದ್ರದ ಮೇಲೆ ಬೆಳೆದ. ಆಮೇಲೆ ಫಿಲಡೆಲ್ಫಿಯಾದಲ್ಲಿ ಕ್ರೈಸ್ತರ ಸಂಪರ್ಕಕ್ಕೆ ಬಂದು ಓದಿದ; 1840ರ ದಶಕದಲ್ಲಿ, ಗಡೀಪಾರಾದವರನ್ನು ಸೇರಿಸಿದ್ದ ಪಶ್ಚಿಮದ ಇಂಡಿಯನ್ ಟೆರಿಟರಿಗೆ ಹೋಗಿ ತನ್ನ ಜನರ ಮಕ್ಕಳಿಗೆ ಶಾಲೆ ತೆರೆದ.

ಗಡೀಪಾರಿನ ದಾರಿ ಯಾವುದು? ನಡೆದೇ ಹೋದರೇ?

ಬಹುಪಾಲು ನೀರಿನ ದಾರಿ. ಟ್ಯಾಂಪಾದಿಂದ ಹಡಗಿನಲ್ಲಿ ಮೆಕ್ಸಿಕೋ ಕೊಲ್ಲಿ ದಾಟಿ ನ್ಯೂ ಆರ್ಲಿಯನ್ಸ್. ಅಲ್ಲಿ ಸೇನೆಯ ಬ್ಯಾರಕ್ಕುಗಳಲ್ಲೋ ಹತ್ತಿರದ ಫೋರ್ಟ್ ಪೈಕ್‌ನಲ್ಲೋ ಕಾಯುವುದು. ಅಲ್ಲಿಂದ ಹಬೆದೋಣಿಯಲ್ಲಿ ಮಿಸಿಸಿಪ್ಪಿ, ನಂತರ ಆರ್ಕನ್ಸಾ ನದಿಯ ಮೇಲೆ ಲಿಟ್ಲ್ ರಾಕ್ ಹಾದು ಫೋರ್ಟ್ ಗಿಬ್ಸನ್. ನದಿಯಲ್ಲಿ ನೀರು ಇಳಿದಿದ್ದರೆ ಬಂಡಿ ಮತ್ತು ಕಾಲ್ನಡಿಗೆ.

ಉಪ್ಪುಗಾಳಿ, ಇಕ್ಕಟ್ಟಾದ ಹಡಗಿನ ಒಡಲು, ಅಭ್ಯಾಸವಿಲ್ಲದ ಊಟ. ಕಾಯಿಲೆ ಮೊದಲು ಹಿಡಿಯುತ್ತಿದ್ದುದು ಎಳೆಯರನ್ನೂ ಮುದುಕರನ್ನೂ. 1836ರ ಏಪ್ರಿಲ್‌ನಲ್ಲಿ ಹೋಗಲು ಒಪ್ಪಿದ್ದ ನಾಯಕ ಹೊಲಾಟ ಎಮಾತ್ಲನ ಜೊತೆ ಸುಮಾರು 400 ಮಂದಿ ಹೊರಟರು. ದಾರಿಯುದ್ದಕ್ಕೂ ಸಾವುಗಳಾದವು, ಹೊಸ ನೆಲ ಸೇರುವ ಮೊದಲೇ ಹೊಲಾಟ ಎಮಾತ್ಲ ಕೂಡ ತೀರಿಕೊಂಡ. ಒಪ್ಪಿಕೊಂಡು ಹೋದವರ ಪಾಡೇ ಇದು. ಕೋವಕೂಚಿಯ ತಂದೆ, ಬಿಳಿಯರು ಕಿಂಗ್ ಫಿಲಿಪ್ ಎಂದು ಕರೆಯುತ್ತಿದ್ದ ಮುಖ್ಯಸ್ಥ, ಆಮೇಲಿನ ಪಯಣದಲ್ಲಿ ಸತ್ತ. ಯುದ್ಧ ಮುಗಿಯುವ ಹೊತ್ತಿಗೆ ಹೀಗೆ ಸಾಗಿಸಲ್ಪಟ್ಟವರು ಸುಮಾರು 3,800.

ಇದೇ ಅಲ್ಲವೇ "ಕಣ್ಣೀರ ಹಾದಿ"?

ಆ ಹೆಸರು ಹೆಚ್ಚಾಗಿ ಚೆರೋಕಿಗಳ 1838–39ರ ಪಯಣಕ್ಕೆ ಸಲ್ಲುತ್ತದೆ. ಅದೇ ಕಾಯ್ದೆಯಡಿ ಚೋಕ್ಟಾ, ಕ್ರೀಕ್, ಚಿಕಸಾ, ಸೆಮಿನೋಲ್ ಜನರನ್ನೂ ಎಬ್ಬಿಸಿದ್ದರಿಂದ ಎಲ್ಲವನ್ನೂ ಸೇರಿಸಿ ಹಾಗೆ ಕರೆಯುವುದೂ ಇದೆ.

ಕಪ್ಪು ಸೆಮಿನೋಲ್ ಮಕ್ಕಳಿಗೆ ಏನಾಯಿತು?

ಅವರಿಗೆ ಎರಡು ಭಯ. ಗಡೀಪಾರು ಒಂದು, ಗುಲಾಮರ ಸಂತೆ ಇನ್ನೊಂದು. ಸೆಮಿನೋಲರಲ್ಲಿ ತಾಯಿಯಿಂದ ಮಗುವಿಗೆ ಕುಲ ಬರುತ್ತಿತ್ತು. ಅಮೆರಿಕದ ದಕ್ಷಿಣದ ಕಾನೂನಿನಲ್ಲಿ ತಾಯಿಯಿಂದ ಮಗುವಿಗೆ ಬರುತ್ತಿದ್ದುದು ಗುಲಾಮಗಿರಿ. ಅಜ್ಜಿ ಯಾವುದೋ ತೋಟದಿಂದ ಓಡಿಬಂದವಳಾಗಿದ್ದರೆ, ಸೆಮಿನೋಲರ ನಡುವೆಯೇ ಹುಟ್ಟಿದ ಮೊಮ್ಮಗುವಿನ ಮೇಲೂ ಆ ತೋಟದವರು ಹಕ್ಕು ಹೇಳಬಹುದಿತ್ತು.

1837ರ ಮಾರ್ಚ್‌ನ ಒಪ್ಪಂದದಲ್ಲಿ ಇವರೂ ಸೆಮಿನೋಲರ ಜೊತೆ ಪಶ್ಚಿಮಕ್ಕೆ ಹೋಗಬಹುದು ಎಂದಿತ್ತು. ತೋಟದ ಮಾಲೀಕರ ಒತ್ತಡಕ್ಕೆ ಆ ಮಾತು ಸಡಿಲವಾಯಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಕಾಯುತ್ತಿದ್ದಾಗಲೂ ಹಕ್ಕುದಾರರು ಬಂದು ಜನರನ್ನು ಕೇಳಿದರು. ಪಶ್ಚಿಮದಲ್ಲೂ ಅಪಹರಣದ ಭಯ ತಪ್ಪಲಿಲ್ಲ. ಕೊನೆಗೆ 1849ರಲ್ಲಿ ಜಾನ್ ಹಾರ್ಸ್ ಎಂಬ ಕಪ್ಪು ಸೆಮಿನೋಲ್ ನಾಯಕ ಮತ್ತು ಕೋವಕೂಚಿ ತಮ್ಮ ತಮ್ಮ ಜನರೊಂದಿಗೆ ಟೆಕ್ಸಸ್ ದಾಟಿ, ಗುಲಾಮಗಿರಿ ಇಲ್ಲದ ಮೆಕ್ಸಿಕೋಗೆ ಹೊರಟರು. ಅಲ್ಲಿನ ಕೋವಾವಿಲಾ ರಾಜ್ಯದ ನಸಿಮಿಯೆಂತೋದಲ್ಲಿ ಅವರ ಸಂತತಿ ಇಂದಿಗೂ ಇದೆ.

ಹೊಸ ಜಾಗದಲ್ಲಿ ಮಕ್ಕಳು ಹೇಗೆ ಬದುಕಿದರು?

ಇಂದಿನ ಒಕ್ಲಹೋಮಾ ಆಗ ಇಂಡಿಯನ್ ಟೆರಿಟರಿ. ತಾಳೆ ಇಲ್ಲ, ಕೂಂಟಿ ಇಲ್ಲ. ಫ್ಲಾರಿಡಾದ ಮಗು ಕಂಡಿರದ ಹಿಮದ ಚಳಿ ಇತ್ತು. ಎರಡು ದಶಕದ ಮೇಲೆ, 1856ರ ಒಪ್ಪಂದದಲ್ಲಿ, ಸೆಮಿನೋಲರಿಗೆ ಕ್ರೀಕರಿಂದ ಬೇರೆಯಾದ ತಮ್ಮದೇ ನೆಲ ಸಿಕ್ಕಿತು. ಹಬ್ಬದ ಅಂಗಳಗಳು, ಕುಲಗಳು ಅಲ್ಲಿಯೂ ಮತ್ತೆ ಚಿಗುರಿದವು. ಸೆಮಿನೋಲ್ ನೇಷನ್‌ನ ರಾಜಧಾನಿ ಇಂದು ವೆವೋಕ.

ಫ್ಲಾರಿಡಾದಲ್ಲಿ ಉಳಿದವರು ಇದ್ದರೇ?

ಇದ್ದರು. 1855ರಿಂದ 1858ರವರೆಗೆ ಮೂರನೇ ಯುದ್ಧವೂ ನಡೆಯಿತು. ಸೆರೆ ಸಿಕ್ಕವರನ್ನು ಟ್ಯಾಂಪಾ ಕೊಲ್ಲಿಯ ಬಾಯಲ್ಲಿರುವ ಎಗ್ಮಾಂಟ್ ಕೀ ಎಂಬ ಮರಳಿನ ದ್ವೀಪದಲ್ಲಿ ಇಟ್ಟರು. 1858ರ ಮೇ ತಿಂಗಳಲ್ಲಿ ಗ್ರೇ ಕ್ಲೌಡ್ ಎಂಬ ಹಬೆಹಡಗು ಅವರನ್ನು ಹೊತ್ತು ಹೊರಟಿತು. ಸೇಂಟ್ ಮಾರ್ಕ್ಸ್‌ನಲ್ಲಿ ಹಡಗು ನಿಂತಾಗ ಎಮಾಟೆಲೋಯೆ, ಹೊರಗಿನವರ ಬಾಯಲ್ಲಿ ಪಾಲಿ ಪಾರ್ಕರ್, ಕೆಲವರ ಜೊತೆ ತಪ್ಪಿಸಿಕೊಂಡಳು. ನೂರಾರು ಮೈಲಿ ಕಾಡು ಜೌಗು ನಡೆದು ಓಕೀಚೋಬಿ ಸರೋವರದ ಕಡೆಗೆ ಮರಳಿದಳು. ಯುದ್ಧ ನಿಂತಾಗ ಫ್ಲಾರಿಡಾದಲ್ಲಿ ಉಳಿದಿದ್ದವರು ಕೆಲವೇ ನೂರು. ತಾಯಿಯಿಂದ ಕುಲ ಮುಂದುವರಿಯುವ ಜನರಲ್ಲಿ ಒಬ್ಬ ಹೆಂಗಸು ಹಿಂತಿರುಗಿದಳೆಂದರೆ ಒಂದು ವಂಶವೇ ಹಿಂತಿರುಗಿದಂತೆ. ಇಂದಿನ ಸೆಮಿನೋಲ್ ಮುಖಂಡರಲ್ಲಿ ಅವಳ ಸಂತತಿಯವರು ಹಲವರಿದ್ದಾರೆ.

ಅಬಿಯಾಕ ಕೊನೆಯವರೆಗೂ ಶರಣಾಗಲಿಲ್ಲ. ಫ್ಲಾರಿಡಾದ ಸೆಮಿನೋಲ್ ಟ್ರೈಬ್‌ಗೆ 1957ರಲ್ಲಿ, ಮಿಕಸೂಕಿ ಟ್ರೈಬ್‌ಗೆ 1962ರಲ್ಲಿ ಕೇಂದ್ರ ಸರ್ಕಾರದ ಮಾನ್ಯತೆ ದೊರೆಯಿತು.

ಒಸಿಯೋಲನ ಬಗ್ಗೆ ಮಗುವಿಗೆ ಏನು ಹೇಳಲಿ?

ಅವನೂ ಒಮ್ಮೆ ಊರು ಬಿಟ್ಟ ಮಗು ಎಂಬುದರಿಂದ ಶುರುಮಾಡಿ. ಅಲಬಾಮಾದಲ್ಲಿ ಹುಟ್ಟಿದವನು; 1813–14ರ ಕ್ರೀಕ್ ಯುದ್ಧದಲ್ಲಿ ಜಾಕ್ಸನ್ ಪಡೆಗಳು ಗೆದ್ದ ಮೇಲೆ ತಾಯಿಯ ಜೊತೆ ಫ್ಲಾರಿಡಾಕ್ಕೆ ಓಡಿಬಂದಾಗ ಹತ್ತು ವರ್ಷದ ಆಸುಪಾಸು. ಮೂವತ್ತು ದಾಟಿದ ಮೇಲೆ ಮತ್ತೊಮ್ಮೆ ಹೊರಡು ಎಂದಾಗ ಒಲ್ಲೆ ಎಂದ. 1838ರ ಜನವರಿ 30ರಂದು ದಕ್ಷಿಣ ಕ್ಯಾರೊಲಿನಾದ ಫೋರ್ಟ್ ಮೌಲ್ಟ್ರಿಯ ಸೆರೆಯಲ್ಲಿ ಕಾಯಿಲೆಯಿಂದ ತೀರಿಕೊಂಡ. ಅವನ ಹೆಂಡಿರು ಮಕ್ಕಳು ಅಲ್ಲೇ ಜೊತೆಯಲ್ಲಿದ್ದರು. ಡಿಸ್ನಿ ವರ್ಲ್ಡ್ ನೋಡಲು ಹೋಗಿ ಕಿಸ್ಸಿಮ್ಮಿಯಲ್ಲಿ ತಂಗುವವರು ಇರುವುದು ಒಸಿಯೋಲ ಕೌಂಟಿಯಲ್ಲೇ.

ಶಾಲೆಯ ಪ್ರಾಜೆಕ್ಟ್‌ಗೆ ಬಣ್ಣಬಣ್ಣದ ತುಂಡು ಬಟ್ಟೆ ಜೋಡಿಸಿದ ಉಡುಪಿನ ಚಿತ್ರ ಹಾಕಬಹುದೇ?

1830ರ ಮಗುವಿಗೆ ಬೇಡ. ಆ ಸುಂದರ ಹೊಲಿಗೆ ಬೆಳೆದದ್ದು ಹೊಲಿಗೆ ಯಂತ್ರ ಬಂದ ಮೇಲೆ, ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಮೊಸಳೆ ಜೊತೆ ಕುಸ್ತಿಯ ಪ್ರದರ್ಶನವೂ ಪ್ರವಾಸಿಗರ ಕಾಲದ್ದು. ಅದರ ಬದಲು ಚಿಕ್ಕೀ, ದೋಣಿ, ಸೋಫ್ಕಿಯ ಪಾತ್ರೆ ಬರೆಯಲಿ. ಮತ್ತೊಂದು ವಿನಂತಿ: "ಇದ್ದರು" ಎಂದಷ್ಟೇ ಬರೆದು ನಿಲ್ಲಿಸಬೇಡಿ. ಫ್ಲಾರಿಡಾದ ಬ್ರೈಟನ್ ಎಂಬ ಸೆಮಿನೋಲ್ ಮೀಸಲು ಪ್ರದೇಶದ ಪೆಮಾಯೆತಾ ಎಮಾಹಾಕಾ ಶಾಲೆಯಲ್ಲಿ ಇಂದಿನ ಸೆಮಿನೋಲ್ ಮಕ್ಕಳು ತಮ್ಮ ಭಾಷೆಯನ್ನು ಪಾಠವಾಗಿ ಕಲಿಯುತ್ತಿದ್ದಾರೆ.

ಕುಟುಂಬದೊಂದಿಗೆ ನೋಡಬಹುದಾದ ಜಾಗಗಳು ಯಾವುವು?

ಮೊದಲು ಬಿಗ್ ಸೈಪ್ರೆಸ್ ಮೀಸಲು ಪ್ರದೇಶದ ಆ-ತಾ-ತಿ-ಕಿ ವಸ್ತುಸಂಗ್ರಹಾಲಯ. ಟ್ರೈಬ್ ತಾನೇ ನಡೆಸುವ ಜಾಗ ಅದು, ಕತೆ ಅವರ ಬಾಯಿಂದಲೇ ಕೇಳಲಿ ಎಂಬುದು ನನ್ನ ಆಸೆ. ಸೇಂಟ್ ಅಗಸ್ಟೀನ್‌ನ ಕಲ್ಲಿನ ಕೋಟೆಯಲ್ಲಿ ಕೋವಕೂಚಿ ತಪ್ಪಿಸಿಕೊಂಡ ಸಂಗತಿ ತಪ್ಪದೆ ಕೇಳಿ. ಟ್ಯಾಂಪಾದಲ್ಲಿ ಫೋರ್ಟ್ ಬ್ರೂಕ್ ಈಗ ನಗರದ ಅಡಿಯಲ್ಲಿದೆ. 1980ರಲ್ಲಿ ಪಾರ್ಕಿಂಗ್ ಕಟ್ಟಡಕ್ಕೆ ಅಗೆಯುವಾಗ ಸೈನಿಕರ ಜೊತೆ ಸೆಮಿನೋಲರ ಸಮಾಧಿಗಳೂ ಸಿಕ್ಕವು. ಅಲ್ಲಿ ಕೊಟಾಂಚೋಬಿ ಫೋರ್ಟ್ ಬ್ರೂಕ್ ಹೆಸರಿನ ಉದ್ಯಾನವಿದೆ. ಎಗ್ಮಾಂಟ್ ಕೀಗೆ ದೋಣಿಯಲ್ಲಿ ಮಾತ್ರ ಹೋಗಲು ಸಾಧ್ಯ, ಕುಡಿಯುವ ನೀರು ಕೈಯಲ್ಲೇ ಒಯ್ಯಬೇಕು. ಸಮುದ್ರ ಆ ದ್ವೀಪವನ್ನು ವರ್ಷವರ್ಷವೂ ಕೊರೆಯುತ್ತಿದೆ, ಹಾಗಾಗಿ ಹೋಗುವ ಮನಸ್ಸಿದ್ದವರು ಮುಂದೂಡಬೇಡಿ.